ಬಿಸಿ ತಿಳಿಯದ ಕೈ

ನನ್ನ ಕೈ ಸುಡುತ್ತಿದೆ ಎಂದು ನನಗಿಂತ ಮೊದಲು ತಿಳಿದದ್ದು ಅತ್ತಿಗೆಯ ಮೂಗಿಗೆ.

ಭದ್ರಾವತಿಯಲ್ಲಿ ಅಣ್ಣನ ಮನೆ. ನಾನು ತಾಂಜಾನಿಯಾದಿಂದ ರಜೆಯ ಮೇಲೆ ಬಂದು ವಾರವಾಗಿತ್ತಷ್ಟೆ. ನಮ್ಮ ಸನ್ಯಾಸಿನಿಯರ ಸಭೆಯಲ್ಲಿ ಹೊರದೇಶದ ಸೇವೆಗೆ ಹೋದ ಸಿಸ್ಟರುಗಳನ್ನು ಕೆಲವು ವರ್ಷಕ್ಕೊಮ್ಮೆ ಮನೆಯವರ ಜೊತೆ ಇದ್ದು ಬರಲು ಕಳಿಸುತ್ತಾರೆ. ಅವತ್ತು ಬೆಳಿಗ್ಗೆ ಸೆಲಿನಾ ಅತ್ತಿಗೆ ಅಕ್ಕಿರೊಟ್ಟಿ ತಟ್ಟಿ ಕೊಡುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮೇಲೆ ಅಣ್ಣ ಎಷ್ಟು ದಪ್ಪಗಾಗಿದ್ದಾನೆ ಎಂಬ ಮಾತು ನಡೆದಿತ್ತು. ನಗುತ್ತ ನಿಂತವಳು ಬಲಗೈಯ ಬದಿಯನ್ನು ಕಾವಲಿಯ ಅಂಚಿಗೆ ಊರಿಕೊಂಡಿದ್ದೆನಂತೆ.

“ರೊಟ್ಟಿ ಸೀಯ್ತಾ ಇದೆ ನೋಡ್ರೀ ಸಿಸ್ಟ್ರೇ.”

“ಇಲ್ವಲ್ಲ ಅತ್ತಿಗೆ, ಚೆನ್ನಾಗಿದೆ.”

ಅವರು ಬಗ್ಗಿ ನೋಡಿದರು. ರೊಟ್ಟಿ ಬೆಳ್ಳಗೇ ಇತ್ತು. ಆಮೇಲೆ ಅವರ ಕಣ್ಣು ನನ್ನ ಕೈಯ ಮೇಲೆ ಬಿತ್ತು.

“ಅಯ್ಯೋ ಮಾತಾವೇ! ಕೈ ತೆಗೀರಿ! ಲೂರ್ದಿ, ಕೈ ತೆಗಿಯೇ!”

ಎಳೆದುಕೊಂಡೆ. ಚರ್ಮ ಒಂದಿಷ್ಟು ಕಾವಲಿಯಲ್ಲೇ ಉಳಿಯಿತು. ನೋವಾಗಲಿಲ್ಲ. ಅತ್ತಿಗೆ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಅಳುತ್ತಿದ್ದರು, ನಾನು ಅವರನ್ನು ಸಮಾಧಾನ ಮಾಡುತ್ತಿದ್ದೆ. ಆ ಹೊತ್ತಿನಲ್ಲೂ ನನಗೆ ಹೆದರಿಕೆಯಾಗಲಿಲ್ಲ. ನನ್ನ ಕೈ ಇದ್ದದ್ದೇ ಹಾಗೆ ಎಂದುಕೊಂಡಿದ್ದೆ.

ಏಕೆ ಹಾಗೆ ಅಂದುಕೊಂಡಿದ್ದೆ ಎಂದು ಹೇಳಬೇಕಾದರೆ ತಾಂಜಾನಿಯಾದ ಅಡುಗೆಮನೆಯ ವಿಷಯ ಹೇಳಬೇಕು. ಮಿಷನರಿ ಎಂದ ಕೂಡಲೇ ನಮ್ಮ ಕಡೆಯ ಜನ ಶಿಲುಬೆ ಹಿಡಿದು ಕಾಡು ಹೊಕ್ಕವರನ್ನು ನೆನೆಯುತ್ತಾರೆ. ನಾನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಮಾಡಿದ್ದು ಹೆಚ್ಚಾಗಿ ಕಾಳಿನಲ್ಲಿ ಕಲ್ಲು ಆರಿಸುವ ಕೆಲಸ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆ, ಮಧ್ಯಾಹ್ನ ಊರಿನ ಹೆಂಗಸರಿಗೆ ಹೊಲಿಗೆ. ಅಲ್ಲಿಯ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೂ ನಮ್ಮ ರಾಗಿಮುದ್ದೆಗೂ ಕೋಲು ತಿರುಗಿಸುವ ಗತ್ತು ಒಂದೇ. ಅದು ಬರುತ್ತಿದ್ದುದರಿಂದ ನನ್ನನ್ನು ಬೇಗ ಒಪ್ಪಿಕೊಂಡರು. ನನ್ನ ಜೊತೆ ಒಲೆಯ ಮುಂದೆ ನಿಲ್ಲುತ್ತಿದ್ದವಳು ನೀಮಾ. ನನ್ನದೇ ವಯಸ್ಸು, ಆಗಲೇ ಅಜ್ಜಿ, ನಾಲಿಗೆ ಕತ್ತರಿಯಂಥದು. ಸಂಜೆ ನಾವಿಬ್ಬರೂ ಮೊರ ಹಿಡಿದು ಕೂತರೆ ಅವಳ ಮೊಮ್ಮಗಳು ಉಪೆಂಡೊ ಇಬ್ಬರ ಮೊರದಿಂದಲೂ ಕಾಳು ಕದ್ದು ಮಣ್ಣಿನಲ್ಲಿ ಸಾಲು ಜೋಡಿಸುತ್ತಿದ್ದಳು. ತಗಡಿನ ಮಾಡಿನ ಮೇಲೆ ಕಾಗೆ ನಡೆಯುವ ಸದ್ದು, ಶುಂಠಿ ಹಾಕಿದ ಚಹಾ, ಯಾರದೋ ಮನೆಯ ಸೊಸೆಯ ಸುದ್ದಿ. ಪ್ರಾರ್ಥನೆಯಲ್ಲಿ ಕೂತಾಗ ಬಾರದ ನೆಮ್ಮದಿ ನನಗೆ ಆ ಮೊರದ ಮುಂದೆ ಬರುತ್ತಿತ್ತು. ಇದನ್ನು ನಮ್ಮ ಸಭೆಯ ಮುಖ್ಯಸ್ಥೆ ಮದರ್‌ಗೂ ಹೇಳಿದ್ದೇನೆ, ಅವರು ಬೈದಿಲ್ಲ.

ಬರಬರುತ್ತ ಬಿಸಿ ಪಾತ್ರೆಗಳನ್ನು ಮಸಿಬಟ್ಟೆ ಇಲ್ಲದೆ ಇಳಿಸತೊಡಗಿದೆ. ಹೆಂಗಸರು ‘ಕಬ್ಬಿಣದ ಕೈಯವಳು’ ಎಂದು ಕರೆದರು. ಹೊಸದಾಗಿ ಬಂದ ಹುಡುಗಿಯರಿಗೆ ತೋರಿಸಲು ನನ್ನಿಂದ ಕೆಂಡ ಮುಟ್ಟಿಸುತ್ತಿದ್ದರು, ನಾನೂ ನಗುತ್ತ ಮುಟ್ಟುತ್ತಿದ್ದೆ. ಚರ್ಚಿನ ಪೀಠದ ಬಿಳಿವಸ್ತ್ರಕ್ಕೆ ಅಂಚು ಹೊಲಿಯುವಾಗ ಬಟ್ಟೆಯ ಮೇಲೆ ಕೆಂಪು ಚುಕ್ಕಿ ಕಂಡ ಮೇಲೆ ಸೂಜಿ ಚುಚ್ಚಿದ್ದು ತಿಳಿಯುತ್ತಿತ್ತು. ಮಠಕ್ಕೆ ಸೇರಿದ ಮೊದಲ ವರ್ಷದಲ್ಲಿ ನಮಗೆ ಕಲಿಸುವ ಪಾಠವೊಂದಿದೆ: ಸಣ್ಣಪುಟ್ಟ ನೋವನ್ನು ಬಾಯಿಬಿಡದೆ ದೇವರಿಗೆ ಒಪ್ಪಿಸಿಬಿಡಬೇಕು. ನಾನು ಹುಡುಗಿಯಾಗಿದ್ದಾಗಿಂದ ಒಪ್ಪಿಸುತ್ತ ಬಂದಿದ್ದೆ. ಈಗ ನೋವೇ ನಿಂತಿತು. ದೇವರು ತೆಗೆದುಕೊಂಡುಬಿಟ್ಟ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾನು ಸ್ತೋತ್ರ ಹೇಳಿದೆ.

ಭದ್ರಾವತಿಯಲ್ಲಿ ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿದ ಡಾಕ್ಟರು ವಯಸ್ಸಾದವರು. ಸತ್ತ ಚರ್ಮ ಕತ್ತರಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. “ನೋಯ್ತಾ ಇಲ್ವೇನಮ್ಮ?” ಎಂದು ಕೇಳಿದರು. ಸಹಿಸ್ಕೋತೀನಿ ಎಂದೆ. ಅವರು ಕತ್ತರಿ ಕೆಳಗಿಟ್ಟರು. ತೋಳು ಮೇಲಕ್ಕೆ ಸರಿಸಿ ಮೊಣಕೈ ಹಿಂದೆ ಬೆರಳಿಂದ ಏನನ್ನೋ ಹುಡುಕಿದರು. ಅಲ್ಲಿ ಒಂದು ಮಾಸಲು ಮಚ್ಚೆ ಬಹಳ ದಿನದಿಂದ ಇತ್ತು, ಅಲ್ಲಿಯ ಬಿಸಿಲಿನದು ಎಂದು ಬಿಟ್ಟಿದ್ದೆ. “ಶಿವಮೊಗ್ಗದಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ, ಚರ್ಮದ ಡಾಕ್ಟರಿಗೆ ತೋರಿಸಿ. ನಾಳೇನೇ ಹೋಗಿ” ಎಂದರು. ಹೊರಡುವಾಗ ಅಣ್ಣನನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದ ಅಣ್ಣ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡ. “ಏನಂದ್ರೋ?” ಎಂದರೆ, “ಏನಿಲ್ಲ, ಶುಗರ್ ಇರ್ಬೌದಂತೆ” ಎಂದ. ನನ್ನಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಮಾರನೆಯ ದಿನ ಜೊತೆಗೆ ಬಂದವಳು ಅಣ್ಣನ ಮಗಳು ಶೀಲಾ. ಶಂಕರಘಟ್ಟದಲ್ಲಿ ಎಂಎಸ್ಸಿ ಓದುತ್ತಾಳೆ, ಮಾತಿಗೆ ಮೊದಲು ನಗುವವಳು. ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ಬೆಂಚು ಹಾಕಿದ್ದರು. ಒಂದೊಂದು ವಿಭಾಗದ ಮುಂದೆ ಕೂತವರ ಲಕ್ಷಣವೇ ಬೇರೆ. ಮೂಳೆಯ ವಿಭಾಗದವರು ಜೋರಾಗಿ ಮಾತಾಡುತ್ತಾರೆ, ಮಕ್ಕಳ ವಿಭಾಗದಲ್ಲಿ ಗಲಾಟೆ. ಚರ್ಮದ ವಿಭಾಗದ ಮುಂದೆ ಎಲ್ಲರೂ ಏನನ್ನೋ ಮುಚ್ಚಿಕೊಂಡು ಕೂತಿರುತ್ತಾರೆ. ಸೆರಗಿನಿಂದ ಕುತ್ತಿಗೆ, ಟವೆಲಿನಿಂದ ಕಿವಿ. ನನ್ನ ಉದ್ದ ತೋಳಿನ ನಿಲುವಂಗಿ ಆ ಸಾಲಿಗೆ ಸರಿಹೊಂದಿತು.

ಡಾಕ್ಟರಮ್ಮ ಶೀಲಾಳಿಗಿಂತ ಐದಾರು ವರ್ಷ ದೊಡ್ಡವರಿರಬಹುದು. “ಕಣ್ಣು ಮುಚ್ಕೊಳ್ಳಿ ಸಿಸ್ಟರ್. ಹತ್ತಿ ಮುಟ್ಟಿಸ್ತೀನಿ. ಎಲ್ಲಿ ಮುಟ್ಟಿತೋ ಅಲ್ಲಿ ಬೆರಳಿಟ್ಟು ತೋರ್ಸಿ” ಎಂದರು. ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಪಾಪ, ಇನ್ನೊಬ್ಬ ಪೇಷಂಟ್ ಜೊತೆ ಮಾತಾಡುತ್ತಿರಬೇಕು ಎಂದುಕೊಂಡು ಕಾದೆ. ಬಹಳ ಹೊತ್ತಾಯಿತು.

“ಶುರು ಮಾಡಿ ಡಾಕ್ಟ್ರೇ” ಎಂದೆ.

ಶೀಲಾ ಮೂಗು ಎಳೆದುಕೊಂಡ ಸದ್ದಾಯಿತು. ಕಣ್ಣು ತೆರೆದರೆ ಡಾಕ್ಟರಮ್ಮನ ಕೈಯಲ್ಲಿ ಹತ್ತಿ ಇರಲಿಲ್ಲ, ಬಾಲ್‌ಪೆನ್ ಇತ್ತು. ನನ್ನ ಮುಂಗೈಯಿಂದ ಕಿರುಬೆರಳಿನವರೆಗೆ ನೀಲಿ ಚುಕ್ಕಿಗಳು. ಪೆನ್ನಿನ ಮೊನೆ ಊರಿ ಊರಿ ಇಟ್ಟ ಚುಕ್ಕಿಗಳು.

ಅವರು ರೋಗದ ಹೆಸರನ್ನು ತಿರುಚದೆ ಹೇಳಿದರು, ಅದಕ್ಕೆ ನಾನು ಅವರಿಗೆ ಋಣಿ. ಕುಷ್ಠ. ಮಾತ್ರೆಯಿಂದ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವುದಿಲ್ಲ, ಸರ್ಕಾರವೇ ಕೊಡುತ್ತದೆ, ಒಂದು ವರ್ಷ ತಪ್ಪದೆ ನುಂಗಬೇಕು. ನಾನು ಎಲ್ಲಕ್ಕೂ ಹೂಂ ಎಂದೆ. ಕಿವಿಯೊಳಗೆ ಮಾತ್ರ ಭಾನುವಾರದ ವಾಚನದ ದನಿ ಕೇಳುತ್ತಿತ್ತು: ಊರ ಹೊರಗೆ ದೂರದಲ್ಲಿ ನಿಂತು ಯೇಸುವನ್ನು ಕೂಗುವ ಕುಷ್ಠರೋಗಿಗಳು.

“ಆಫ್ರಿಕಾದಲ್ಲೇ ಅಂಟಿದ್ದಾ ಡಾಕ್ಟರ್?” ಶೀಲಾ ಕೇಳಿದಳು.

“ಹೇಳಕ್ಕಾಗಲ್ಲ. ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿರುತ್ತೆ ಇದು. ಅಲ್ಲಿ ಬಂದಿರ್ಬೌದು. ಭದ್ರಾವತೀಲೇ ಬಂದು, ಅಲ್ಲಿಗೆ ಇವರ ಜೊತೆ ಹೋಗಿರ್ಬೌದು.”

ಆ ಕೊನೆಯ ಮಾತು ಹೇಳುವಾಗ ಅವರು ಮಾತ್ರೆಯ ಪಟ್ಟಿ ಹುಡುಕುತ್ತಿದ್ದರು, ಅದರಲ್ಲಿ ಏನೂ ವಿಶೇಷವಿಲ್ಲ ಎಂಬಂತೆ. “ಅಲ್ಲಿ ನಿಮ್ಮ ಜೊತೆ ವರ್ಷಗಟ್ಟಲೆ ಹತ್ತಿರದಲ್ಲಿದ್ದವರು ಯಾರ್ಯಾರು? ಅವರೂ ಒಮ್ಮೆ ತೋರಿಸ್ಕೋಬೇಕು. ತಿಳಿಸ್ಬಿಡಿ” ಎಂದರು.

ಹತ್ತಿರದಲ್ಲಿದ್ದವರು. ಮಧ್ಯಾಹ್ನ ನಾನು ಹೊಲಿಗೆ ಕಲಿಸುವಾಗ ಉಪೆಂಡೊ ನನ್ನ ಹೊಲಿಗೆ ಮಿಷನ್ನಿನ ಕೆಳಗೆ, ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು.

ಬಸ್ಸಿನಲ್ಲಿ ಶೀಲಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ತುಂಗೆಯ ಸೇತುವೆ ದಾಟಿ ಊರು ಮುಗಿದ ಮೇಲೆ ನನ್ನ ಕೈಯನ್ನೆತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಎಂಜಲು ಹಚ್ಚಿ ನೀಲಿ ಚುಕ್ಕಿ ಉಜ್ಜತೊಡಗಿದಳು. “ಬಿಡೇ ಮಾರಾಯ್ತಿ, ಜನ ನೋಡ್ತಾರೆ” ಎಂದೆ. “ನೋಡ್ಲಿ ಅತ್ತೆ. ನೀವು ಎಕ್ಸಾಮ್ ಕಾಪಿ ಹೊಡ್ದಿದೀರಾ ಅನ್ಕೋತಾರೆ” ಎಂದಳು. ಇಬ್ಬರೂ ನಕ್ಕೆವು. ನಕ್ಕದ್ದು ಒಂದು ಸ್ಟಾಪಿನಷ್ಟು ದೂರ.

ಅತ್ತಿಗೆ ನಗಲಿಲ್ಲ. “ಆ ಹೆಸರು ಈ ಮನೇಲಿ ಎತ್ತಬೇಡಿ. ಶೀಲಾಗೆ ಆ ಕಡೆಯಿಂದ ಈ ಕಡೆಯಿಂದ ಗಂಡಿನವರು ಕೇಳ್ತಾ ಇದಾರೆ. ಆಫ್ರಿಕಾ ಜ್ವರ ಅನ್ನಿ. ಅಲ್ಲಿಂದ ಬಂದಿದ್ದೇ ತಾನೇ?” ನಮ್ಮ ಸಭೆಯ ಮನೆ ಶಿವಮೊಗ್ಗದಲ್ಲಿ ಇಲ್ಲ. ಚಿಕಿತ್ಸೆ ಮುಗಿಯುವವರೆಗೆ ಅಣ್ಣನ ಮನೆಯಲ್ಲೇ ಇರಲು ಮದರ್ ಅಪ್ಪಣೆ ಕೊಟ್ಟಿದ್ದರು. ಅತ್ತಿಗೆ ಹೋಗಿ ಎನ್ನಲಿಲ್ಲ. ಮಾರನೆಯ ದಿನ ನನ್ನ ಊಟದ ತಟ್ಟೆಯ ಅಂಚಿನಲ್ಲಿ ನೈಲ್‌ಪಾಲಿಶಿನ ಒಂದು ಕೆಂಪು ಚುಕ್ಕಿ ಇತ್ತು. ಲೋಟದಲ್ಲೂ ಒಂದು.

ನಾನು ಕಂಡೂ ಕಾಣದಂತೆ ಉಂಡೆ. ಹಾಗೆಯೇ ಕೆಲವು ದಿನ ಹೋಯಿತು. ಒಂದು ಮಧ್ಯಾಹ್ನ ಅಣ್ಣ ಸ್ಟ್ಯಾಂಡಿನಿಂದ ತಟ್ಟೆ ತೆಗೆದುಕೊಂಡು ಕೂತ. ಕೆಂಪು ಚುಕ್ಕಿಯ ತಟ್ಟೆ. ಅತ್ತಿಗೆ “ರೀ” ಎಂದರು. ಅವನು “ಸಾರು ಹಾಕು” ಎಂದ. ಅವತ್ತು ಅವರಿಬ್ಬರೂ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಮನೆಯ ಅಷ್ಟೂ ತಟ್ಟೆ, ಲೋಟ, ಹಾಲಿನ ಪಾತ್ರೆಗೂ ಕೆಂಪು ಚುಕ್ಕಿ. ಶೀಲಾ ಬಾಟ್ಲಿ ಖಾಲಿ ಮಾಡಿದ್ದಳು. “ಈಗ ಯಾವುದು ಯಾರದು ಹೇಳಮ್ಮ ನೋಡಣ” ಎಂದಳು. ಅತ್ತಿಗೆ ಅವಳ ಬೆನ್ನಿಗೊಂದು ಹಾಕಿ, ಒಳಗೆ ಹೋಗಿ, ದೊಡ್ಡ ಸದ್ದು ಮಾಡುತ್ತ ಪಾತ್ರೆ ತೊಳೆದರು.

ನೀಮಾಳಿಗೆ ತಿಳಿಸಬೇಕಿತ್ತು. ಫೋನಿನಲ್ಲಿ ದನಿಯ ಸಂದೇಶ ಕಳಿಸಿದೆ. ಜ್ವರ ಎನ್ನಲಿಲ್ಲ, ಅವರ ಭಾಷೆಯಲ್ಲಿ ಆ ರೋಗಕ್ಕಿರುವ ಹೆಸರನ್ನೇ ಹೇಳಿದೆ. ನೀನು, ಉಪೆಂಡೊ, ಹೊಲಿಗೆಯ ಹೆಂಗಸರು ಎಲ್ಲ ಹೋಗಿ ತೋರಿಸಿಕೊಳ್ಳಿ ಎಂದೆ. ಅವಳು ಕೇಳಿದಳೆಂದು ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಫೋನು ನೋಡುವುದು, ಆಮೇಲೆ ಶಿಲುಬೆಯ ಗುರುತು. ದಿನಗಳು ವಾರಗಳಾದವು. ಅಲ್ಲಿಯ ಸಿಸ್ಟರುಗಳಲ್ಲಿ ಒಬ್ಬರು ಮಾತ್ರ ಬರೆದರು: ಊರವರು ತೋರಿಸಿಕೊಂಡು ಬಂದಿದ್ದಾರೆ, ಮಾತು ಬಹಳ ಎದ್ದಿದೆ, ಸದ್ಯಕ್ಕೆ ನೀವು ಯಾರಿಗೂ ಫೋನ್ ಮಾಡದಿರುವುದು ಒಳ್ಳೆಯದು.

ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಮೊದಲ ದಿನದ ಮಾತ್ರೆಗಳನ್ನು ಅವರೆದುರೇ ನುಂಗಬೇಕು. ಅವತ್ತು ಮೂತ್ರ ಕುಂಕುಮದ ನೀರಿನಂತೆ ಹೋಗುತ್ತದೆ, ಹೆದರಬೇಡಿ ಎಂದಿದ್ದರು. ಆದರೂ ಮೊದಲ ಸಲ ಗೋಡೆ ಹಿಡಿದುಕೊಂಡೆ. ಮಾತ್ರೆಗೆ ಚರ್ಮ ಒಣಗಿತು, ಬಣ್ಣ ಕಪ್ಪಾಗುತ್ತ ಬಂತು. ಚರ್ಚಿನ ಹೊರಗೆ ಒಬ್ಬರು, “ಏನ್ ಸಿಸ್ಟರ್, ಅವರ ಜೊತೆ ಇದ್ದು ಇದ್ದು ಅವರ ಥರಾನೇ ಆಗ್ಬಿಟ್ರಲ್ಲ!” ಎಂದು ನಕ್ಕರು. ಈ ಬಣ್ಣ ನನಗೆ ಬಂದದ್ದು ಇಲ್ಲೇ ಎಂದು ಹೇಳಬೇಕೆನಿಸಿತು.

ಕಾರಿಡಾರಿನಲ್ಲಿ ನನಗೊಬ್ಬ ಜೊತೆಗಾರರಿದ್ದರು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಶರ್ಟು. ಅವರಿಗೆ ಪಾದ ಮರಗಟ್ಟಿತ್ತು. “ನನ್ಗೆ ಗೊತ್ತಾಗಿದ್ ಹೆಂಗೆ ಗೊತ್ತಾ ಸಿಸ್ಟರಮ್ಮ? ಅಂಗಡೀಗೆ ನಡ್ಕೊಂಡ್ ಬಂದೆ. ಗಿರಾಕಿಯೊಬ್ಳು, ‘ಏನ್ ಸಾಹುಕಾರ್ರೆ, ಒಂದೇ ಚಪ್ಲಿ ಹಾಕ್ಕೊಂಡ್ ಬಂದಿದೀರಿ’ ಅಂದ್ಲು. ಇನ್ನೊಂದು ಎಲ್ಲಿ ಬಿತ್ತೋ, ಎಷ್ಟ್ ದೂರ ಬರಿಗಾಲಲ್ಲಿ ಬಂದ್ನೋ ಶಿವನೇ ಬಲ್ಲ.” ಮನೆಯಲ್ಲಿ ಬ್ಯಾಂಕಿಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದರು. “ನಿಮ್ಗಾದ್ರೆ ದೇವ್ರ ಸೇವೆ ಮಾಡಿ ಬಂತು ಅಂತ ಜನ ಕೈ ಮುಗೀತಾರೆ. ನಂಗೆ ಬಂದಿದ್ದು ಯಾವ ಸೇವೆಗೆ ಅಂತ ಹೇಳ್ಲಿ?” ಎಂದು ಒಮ್ಮೆ ಕೇಳಿದರು. ನಾನು ರೋಗಿಗಳ ಸೇವೆ ಮಾಡಿದವಳಲ್ಲ, ಮುದ್ದೆ ತಿರುಗಿಸಿದವಳು ಎಂದೆ. ನಂಬಲಿಲ್ಲ. ಮಳೆ ಹಿಡಿದ ಮೇಲಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಬಣ್ಣ ಕಪ್ಪಾಯಿತು, ಅಂಗಡಿಯಲ್ಲಿ ಕೇಳುತ್ತಾರೆ ಎಂದು ಮಾತ್ರೆ ಬಿಟ್ಟರು, ಮನೆಗೆ ಹೋದರೆ ನಮ್ಮನ್ನು ಒಳಗೆ ಬಿಡುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಬೆಂಚಿನಲ್ಲಿ ಅವರ ಜಾಗಕ್ಕೆ ಬೇರೆ ಯಾರೋ ಕೂತರು, ಕಿವಿಗೆ ಟವೆಲು ಸುತ್ತಿಕೊಂಡು.

ಅದೇ ಮಳೆಗಾಲದಲ್ಲಿ ನನ್ನ ಕೈಗೆ ನೋವು ಬಂತು. ಇಷ್ಟು ವರ್ಷ ಇಲ್ಲದ ನೋವು ಮೊಣಕೈಯಿಂದ ಕರೆಂಟು ಹೊಡೆದ ಹಾಗೆ ಇಳಿಯಿತು. ಒಂದು ಕ್ಷಣ ಸಂತೋಷಪಟ್ಟೆ, ಜೀವ ಮರಳಿ ಬರುತ್ತಿದೆ ಎಂದು! ಸಂಜೆಯ ಹೊತ್ತಿಗೆ ನಿಲುವಂಗಿಯ ಗುಂಡಿ ಹಾಕಲು ಆಗಲಿಲ್ಲ. ಕಿರುಬೆರಳು, ಉಂಗುರಬೆರಳು ಒಳಮುಖವಾಗಿ ಮಡಿಚಿಕೊಂಡವು. ಜಪಸರದ ಮಣಿ ಜಾರಿಸಲು ಹೋದರೆ ಸರವೇ ಬಿತ್ತು. ಡಾಕ್ಟರಮ್ಮ ನೋಡಿ ಮುಖ ಗಂಭೀರ ಮಾಡಿಕೊಂಡರು. ಸಾಯುತ್ತಿರುವ ರೋಗಾಣುಗಳ ಮೇಲೆ ಮೈ ತಿರುಗಿಬಿದ್ದಿದೆ, ಆ ಜಗಳದಲ್ಲಿ ನರ ನಲುಗುತ್ತಿದೆ, ಇನ್ನೊಂದು ಮಾತ್ರೆ ಕೊಡ್ತೀನಿ, ಕೈ ಎಷ್ಟು ಉಳಿಯುತ್ತೋ ಈಗಲೇ ಹೇಳಲ್ಲ ಎಂದರು. ಕೈಗೆ ಒಂದು ಪಟ್ಟಿ ಹಲಗೆ ಕಟ್ಟಿದರು.

ಮದರ್ ಫೋನ್ ಮಾಡಿದರು. ಮೆತ್ತಗಿನ ಮಾತಿನವರು, ಆದರೆ ಸಿಹಿ ಸವರಿ ಹೇಳುವ ಅಭ್ಯಾಸವಿಲ್ಲ. “ಲೂರ್ದ್, ಕೈಯ ವಿಷಯ ದೇವರಿಗೆ ಬಿಡೋಣ. ಅಲ್ಲಿಗೆ ವಾಪಸ್ ಕಳಿಸೋದು ಮಾತ್ರ ನನ್ನ ಕೈಯಲ್ಲೂ ಇಲ್ಲ. ಅಲ್ಲಿಯ ಜನ ಬೇಡ ಅಂದರೆ ನಾನು ಕಳಿಸಲಾರೆ. ಅವರು ಕರೆದರೆ ಹೋಗು.”

ಅವರು ಕರೆಯಬೇಕು. ಫೋನನ್ನು ಎಡಗೈಯಲ್ಲಿ ಹಿಡಿದುಕೊಂಡು ಹಿತ್ತಲಿನಲ್ಲಿ ಕೂತೆ. ಮಳೆ ನಿಂತು ಒಗೆಯುವ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಜೀವನದಲ್ಲಿ ನನಗೆ ದೊಡ್ಡ ಆಸೆಗಳಿರಲಿಲ್ಲ. ಆ ಅಡುಗೆಮನೆ, ಆ ಮೊರ, ಆ ಹೆಂಗಸಿನ ಬೈಗುಳ, ಇಷ್ಟೇ ನನ್ನದು ಎಂದುಕೊಂಡಿದ್ದೆ. ಇಷ್ಟೂ ಹೋಗಬಹುದು ಎಂದು ಅವತ್ತು ಅರ್ಥವಾಯಿತು.

ನೀಮಾಳ ದನಿ ಬಂದದ್ದು ಅದಾದ ಮೇಲೆ. ಸುತ್ತುಬಳಸು ಇಲ್ಲ.

“ಸಿಸ್ತಾ, ಉಪೆಂಡೊ ಬೆನ್ನ ಮೇಲೆ ಒಂದು ಮಚ್ಚೆ ಸಿಕ್ಕಿತು. ಅದೇ ರೋಗ ಅಂದರು. ಇದು ಇಂಡಿಯಾದಿಂದ ಬಂದ ರೋಗ, ನಿನ್ನ ಹೊಲಿಗೆ ಮಿಷನ್ನಿನ ಕೆಳಗೆ ಮಲಗಿಸಿದ್ದಕ್ಕೆ ಬಂತು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಾನು ಹಾಗೆ ಹೇಳಲ್ಲ. ಹಾಗಲ್ಲ ಅಂತಲೂ ಹೇಳಲ್ಲ. ನಿನ್ನ ಮೇಲೆ ಸಿಟ್ಟಿತ್ತು, ಇನ್ನೂ ಇದೆ. ಈಗ ಕೇಳು. ಈ ಹುಡುಗಿ ಮಾತ್ರೆ ನುಂಗಲ್ಲ. ನನ್ನ ಮುಖಕ್ಕೇ ಉಗೀತಾಳೆ. ಹೊಡೆದೆ, ಮುದ್ದು ಮಾಡಿದೆ. ಸಿಸ್ತಾ ನುಂಗಿದರೆ ನುಂಗ್ತೀನಿ ಅಂತಾಳೆ. ನುಂಗಿಸು.”

ಇಲ್ಲಿ ಅತ್ತಿಗೆ ಆಫ್ರಿಕಾ ಎಂದರು, ಅಲ್ಲಿ ಅವರು ಇಂಡಿಯಾ ಎಂದರು. ನಿಜ ಯಾವುದೆಂದು ಹೇಳಬಲ್ಲವರು ಯಾರೂ ಇಲ್ಲ. ಆ ಮಗುವಿನ ಬೆನ್ನಿನ ಮಚ್ಚೆ ನನ್ನಿಂದ ಬಂದಿರಬಹುದು ಎಂಬ ಮಾತಿನ ಜೊತೆಗೇ ನಾನು ಬದುಕಬೇಕು. ಬೆಳಿಗ್ಗೆ ಎದ್ದ ಕೂಡಲೇ ಅದು ನನ್ನ ಹಾಸಿಗೆಯ ಪಕ್ಕ ಕೂತಿರುತ್ತದೆ. ಬೇಗ ಕಂಡದ್ದರಿಂದ ಮಗುವಿನ ಕೈಕಾಲಿಗೆ ಏನೂ ಆಗಿಲ್ಲ ಎಂಬುದನ್ನು ಪಕ್ಕದಲ್ಲಿ ಇಟ್ಟುಕೊಂಡು ಏಳುತ್ತೇನೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಸೆರಗಿನ ಕೆಳಗೆ ಅಂಥದ್ದೊಂದು ಮಚ್ಚೆ ಮುಚ್ಚಿಕೊಂಡು ಕೂತಿದ್ದರೆ, ನಾಳೆ ಬಸ್ಸು ಹತ್ತಿ. ಕಾರಿಡಾರಿನಲ್ಲಿ ನಿಮ್ಮಂಥವರು ಬಹಳ ಜನ ಇರುತ್ತಾರೆ.

ಅಂದಿನಿಂದ ದಿನವೂ ವಿಡಿಯೊ ಕಾಲ್. ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಅವಳು ಶಾಲೆಯಿಂದ ಬಂದು ಯೂನಿಫಾರ್ಮಿನಲ್ಲೇ ಕೂತಿರುತ್ತಿದ್ದಳು.

“ನೀನು ಮೊದಲು ಸಿಸ್ತಾ.”

ನಾನು ನುಂಗಿ ನೀರು ಕುಡಿದೆ.

“ನಾಲಿಗೆ ತೋರಿಸು. ಮೇಲಕ್ಕೆತ್ತು. ಹೂಂ.” ಆಮೇಲೆ ಅವಳು. ಮುಖ ಹಿಂಡಿ, ಕಣ್ಣು ಮುಚ್ಚಿ, ನುಂಗಿ, ಬಾಯಿ ತೆರೆದು ಫೋನಿನೊಳಗೇ ಬರುವಂತೆ ತೋರಿಸುತ್ತಿದ್ದಳು. “ನಿನ್ನ ಮಾತ್ರೆ ನನ್ನದಕ್ಕಿಂತ ಜಾಸ್ತಿ ಯಾಕೆ? ನೀನು ದೊಡ್ಡ ಪಾಪಿಯಾ?” ಎಂದು ಒಂದು ದಿನ ಕೇಳಿದಳು. ಹಿಂದಿನಿಂದ ನೀಮಾ ಜೋರಾಗಿ ನಕ್ಕದ್ದು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಆದರೆ ಅವಳು ಫೋನಿನ ಮುಂದೆ ಬರಲಿಲ್ಲ.

ಅತ್ತಿಗೆ ಬಾಗಿಲ ಪರದೆಯ ಹಿಂದೆ ನಿಂತು ನೋಡುತ್ತಿದ್ದರು. “ಆ ಅಮ್ಮ ಯಾಕೆ ಬಚ್ಚಿಟ್ಟುಕೊಂಡಿದ್ದಾಳೆ? ಅವಳೂ ಮಾತ್ರೆ ಉಗೀತಾಳಾ?” ಎಂದು ಉಪೆಂಡೊ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ನನ್ನ ಭುಜಕ್ಕೆ ಆತು ಕೂತರು. ಮಗುವನ್ನು ಬಹಳ ಹೊತ್ತು ನೋಡಿದರು. “ಇಷ್ಟು ಚಿಕ್ಕ ಮಗೀಗಾ?” ಎಂದರು. ಆಮೇಲೆ, “ಮಾತ್ರೆ ಆದ್ಮೇಲೆ ಬಾಯಿಗೊಂಚೂರು ಬೆಲ್ಲ ಹಾಕಕ್ಕೆ ಹೇಳ್ರೀ ಅವರಜ್ಜಿಗೆ. ಕಹಿ ಇರುತ್ತೆ ಪಾಪ” ಎಂದರು. ಅದೇ ವಾರ ಆಶಾ ಕಾರ್ಯಕರ್ತೆ ಮನೆಯವರನ್ನು ಪರೀಕ್ಷೆ ಮಾಡಲು ಬಂದಾಗ, ಮೊದಲು ಎರಡು ಸಲ ಬಾಗಿಲಿಂದಲೇ ಕಳಿಸಿದ್ದ ಅತ್ತಿಗೆ ತಾವೇ ಕುರ್ಚಿ ಹಾಕಿ, ಶೀಲಾಳನ್ನು ಕರೆದು ಕೂರಿಸಿದರು. ಪಕ್ಕದ ಮನೆಯವರಿಗೆ ಮಾತ್ರ ಜನಗಣತಿ ಎಂದರು. ಯಾರ ಮೈಮೇಲೂ ಏನೂ ಇರಲಿಲ್ಲ.

ಉಪೆಂಡೊಳದು ಆರು ತಿಂಗಳ ಮಾತ್ರೆ, ನನಗಿಂತ ಮೊದಲೇ ಮುಗಿಯಿತು. ಮುಗಿದ ಮಾರನೆಯ ದಿನವೂ ಅದೇ ಹೊತ್ತಿಗೆ ಫೋನ್ ಬಂತು. “ನಾಲಿಗೆ ತೋರಿಸು” ಎಂದಳು. ನನ್ನದು ಮುಗಿಯುವ ತನಕ ಬಿಡಲಿಲ್ಲ.

ಡಾಕ್ಟರಮ್ಮ ಕೊನೆಯ ದಿನ ಮತ್ತೆ ಕಣ್ಣು ಮುಚ್ಚಿಸಿದರು. ಈ ಸಲ ನಾನು ಶುರು ಮಾಡಿ ಎನ್ನಲಿಲ್ಲ. “ರೋಗ ಹೋಯ್ತು ಸಿಸ್ಟರ್. ಬೆರಳು ಸ್ವಲ್ಪ ಬಿಡಿಸಿಕೊಂಡಿವೆ. ಸ್ಪರ್ಶ ಇ‌ನ್ನು ಬರಲ್ಲ. ಅಂಗೈ ಪೂರ್ತಿ ಹೋಗಿದೆ” ಎಂದರು. ಇನ್ನು ಮುಂದೆ ದಿನವೂ ಕೈಯನ್ನು ಕಣ್ಣಿನಿಂದ ನೋಡಿ ತಿಳಿಯಬೇಕು, ಗಾಯವಾಗಿದೆಯೋ ಸುಟ್ಟಿದೆಯೋ ಎಂದು. ನೀರಲ್ಲಿ ನೆನೆಸಿ ಎಣ್ಣೆ ಹಚ್ಚಬೇಕು. ನನ್ನ ಕೈಯನ್ನು ಒಂದು ಮಗುವಿನ ಹಾಗೆ ನಾನು ಈಗ ಸಾಕುತ್ತಿದ್ದೇನೆ.

ಮದರ್‌ಗೆ ಫೋನ್ ಮಾಡಿದೆ.

“ಅಲ್ಲಿಂದ ಯಾರಾದರೂ ಕರೆದರಾ?” ಎಂದು ಕೇಳಿದರು.

“ಯಾವಾಗ ಬರ್ತೀಯಾ ಅಂತ ಕೇಳಿದಳು ಮದರ್.”

“ಯಾರು?”

“ಎರಡನೇ ಕ್ಲಾಸಿನ ಹುಡುಗಿ.”

“ಅವಳ ಅಜ್ಜಿ?”

“ಏನೂ ಹೇಳಿಲ್ಲ.”

“ಸರಿ, ಹೋಗು. ಆದರೆ ಒಂದು ಮಾತು ಲೂರ್ದ್. ಅಲ್ಲಿ ಯಾರೂ ನಿನ್ನ ಹತ್ತಿರ ಬರದಿದ್ದರೆ ಹಠ ಮಾಡಬೇಡ. ತಿರುಗಿ ಬಾ.”

ಬಸ್ಸಿನಿಂದ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಹೊಲಿಗೆಯ ಹೆಂಗಸರು ಮಾವಿನ ಮರದ ಕೆಳಗೆ ನಿಂತಿದ್ದರು. ಸ್ವಾಗತ ಹಾಡಲಿಲ್ಲ, ಓಡಿ ಬರಲಿಲ್ಲ. ಆ ಊರಿನಲ್ಲಿ ಇಬ್ಬರು ಎದುರಾದರೆ ಕೈ ಹಿಡಿದುಕೊಂಡೇ ಮನೆ, ಮಕ್ಕಳು, ದನ ಎಲ್ಲದರ ಕ್ಷೇಮ ಕೇಳುತ್ತಾರೆ, ಕೇಳಿ ಮುಗಿಯುವ ತನಕ ಕೈ ಬಿಡುವುದಿಲ್ಲ. ಅವತ್ತು ಎಲ್ಲರೂ ಇದ್ದಲ್ಲಿಂದಲೇ ಕ್ಷೇಮ ಕೇಳಿದರು. ನೀಮಾ ಮೈಮೇಲಿನ ಬಟ್ಟೆಯೊಳಗೆ ಎರಡೂ ಕೈ ಸುತ್ತಿಕೊಂಡು ನಿಂತಿದ್ದಳು. ಬಡವಾಗಿದ್ದಳು. ನಾನು ನಿಂತಲ್ಲೇ ಬ್ಯಾಗು ಕೆಳಗಿಟ್ಟೆ. ಬಸ್ಸು ಇನ್ನೂ ಹೊರಟಿರಲಿಲ್ಲ, ಬಾಗಿಲು ತೆರೆದೇ ಇತ್ತು.

ಹೆಂಗಸರ ನಡುವಿನಿಂದ ಉಪೆಂಡೊ ಬಂದಳು. ಫೋನಿನಲ್ಲಿ ಕಂಡದ್ದಕ್ಕಿಂತ ಉದ್ದವಾಗಿದ್ದಳು. ಅಲ್ಲಿಯ ಮಕ್ಕಳು ಹಿರಿಯರನ್ನು ಕಂಡರೆ ಹತ್ತಿರ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆ. ಹಿರಿಯರು ತಲೆಯ ಮೇಲೆ ಕೈಯಿಟ್ಟ ಮೇಲಷ್ಟೇ ಅವರು ಮುಖವೆತ್ತುವುದು. ಅವಳು ಬಂದು ನನ್ನ ಮುಂದೆ ತಲೆ ಬಗ್ಗಿಸಿದಳು.

ನಾನು ನೀಮಾಳ ಕಡೆ ನೋಡಿದೆ. ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಡ್ರೈವರ್ ಹಾರ್ನ್ ಒತ್ತಿದ.

ಕೈಯಿಟ್ಟೆ. ಆ ಕೂದಲು ಬಿಸಿಲಿಗೆ ಕಾದಿತ್ತೋ, ಧೂಳಾಗಿತ್ತೋ, ಬೆವರಿತ್ತೋ ನನಗೆ ಏನೂ ತಿಳಿಯಲಿಲ್ಲ. ಕೈ ತಲೆಯ ಮೇಲೆ ಇದೆ ಎಂದು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಂಡೆ. ಹಿಂದೆ ಬಸ್ಸು ಹೊರಟ ಸದ್ದಾಯಿತು. ಹುಡುಗಿ ತಲೆ ಎತ್ತಲಿಲ್ಲ. ನಾನೂ ಕೈ ತೆಗೆಯಲಿಲ್ಲ.